ನ್ಯುಮೋನಿಯಾ ಮನೆಯಲ್ಲಿ ಬಂತಾ, ಆಸ್ಪತ್ರೆಯಿಂದ ಬಂತಾ? ಡಾಕ್ಟರಿಗೆ ಹೀಗೆ ಹೇಳಿ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರ. ಮತ್ತೆ ಜ್ವರ, ಕೆಮ್ಮು, ಏದುಸಿರು. ಹತ್ತಿರದ ಕ್ಲಿನಿಕ್‌ಗೆ ಓಡುತ್ತೇವೆ. "ನಿನ್ನೆಯಿಂದ ಕೆಮ್ಮು ಡಾಕ್ಟ್ರೇ" ಅಂತಷ್ಟೇ ಹೇಳುತ್ತೇವೆ. ಅಡ್ಮಿಟ್ ಆಗಿದ್ದ ವಿಷಯ ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ. ಔಷಧಿ ಯಾವುದು ಅನ್ನೋದು ಆ ಮಾತಿನ ಮೇಲೂ ನಿಂತಿದೆ.

ಆರಾಮಾಗಿ ಓಡಾಡಿಕೊಂಡಿದ್ದವರಿಗೆ ಬರುವ ನ್ಯುಮೋನಿಯಾಕ್ಕೆ ಹೆಚ್ಚಾಗಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಅಥವಾ ಫ್ಲೂನಂಥ ವೈರಸ್ ಕಾರಣ. ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾದದ್ದನ್ನು ಆಸ್ಪತ್ರೆಯ ನ್ಯುಮೋನಿಯಾ ಅನ್ನುತ್ತಾರೆ. ಅಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳ ಕಾಟ ಜಾಸ್ತಿ. ಎಷ್ಟೋ ಆಂಟಿಬಯಾಟಿಕ್‌ಗಳಿಗೆ ಇವು ಬಗ್ಗುವುದೇ ಇಲ್ಲ.

ಡಯಾಲಿಸಿಸ್‌ಗೆ ಹೋಗಿಬರುವವರು, ವೃದ್ಧಾಶ್ರಮದಲ್ಲಿರುವವರು ಇವೆರಡರ ನಡುವೆ ಬರುತ್ತಾರೆ. 2005ರಲ್ಲಿ ಅಮೆರಿಕದ ತಜ್ಞರು ಇವರಿಗೆಂದೇ ಬೇರೆ ಗುಂಪು ಮಾಡಿದ್ದರು. ಆಮೇಲೆ ನೋಡಿದರೆ, ಇವರಲ್ಲಿ ಬಹಳ ಮಂದಿಗೆ ಮಾಮೂಲಿ ರೋಗಾಣುವೇ ಇತ್ತು. ಸುಮ್ನೆ ಭಾರಿ ಔಷಧಿ ಕೊಟ್ಟಂತಾಗುತ್ತಿತ್ತು. ಅಮೆರಿಕದ 2019ರ ಮಾರ್ಗಸೂಚಿ ಆ ಗುಂಪನ್ನೇ ಕೈಬಿಡಲು ಹೇಳಿತು. ಒಳ್ಳೆಯದೇ ಆಯಿತು. ಈಗ ಒಬ್ಬೊಬ್ಬರ ಹಿಂದಿನ ಕಥೆ ಕೇಳಿ ಔಷಧಿ ಆರಿಸುತ್ತಾರೆ. ಆ ಕಥೆ ಹೇಳಬೇಕಾದವರು ನಾವು.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಕಳೆದ 90 ದಿನಗಳಲ್ಲಿ ಅಡ್ಮಿಟ್ ಆಗಿದ್ದರಾ? ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಟ್ಟಿದ್ದರಾ? ತಾರೀಖು ಬರೆದುಕೊಳ್ಳಿ.

ಆಮೇಲೆ ಫೈಲು. ಎಕ್ಸ್‌ರೇ ಕವರ್ ಒಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಡಿ. ಡಿಸ್ಚಾರ್ಜ್ ಸಮ್ಮರಿ ಬೇಕು. ಕಫದ ಕಲ್ಚರ್ ರಿಪೋರ್ಟ್ (ಕಫದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ವರದಿ) ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲಿಡಿ. ಅದರಲ್ಲಿ ಔಷಧಿಗಳ ಹೆಸರಿನ ಮುಂದೆ 'ಎಸ್' ಅಥವಾ 'ಆರ್' ಅಂತ ಇರುತ್ತದೆ. 'ಎಸ್' ಅಂದರೆ ಆ ರೋಗಾಣು ಆ ಔಷಧಿಗೆ ಬಗ್ಗುತ್ತದೆ, 'ಆರ್' ಅಂದರೆ ಜಗ್ಗುವುದಿಲ್ಲ ಅಂತ. ಡಾಕ್ಟರಿಗೆ ಈ ಒಂದು ಹಾಳೆ ಎಷ್ಟು ಉಪಕಾರ ಮಾಡುತ್ತದೆ ಗೊತ್ತಾ!

ಹೊರಡುವ ಮುಂಚೆ ಉಸಿರು ಎಣಿಸಿ. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ಮಣಿಕಟ್ಟು ಹಿಡಿದು ನಾಡಿ ನೋಡುವವರಂತೆ ಕೂತು, ಎದೆಯ ಮೇಲಿನ ಸೆರಗು ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಗಮನಿಸಿ. 30 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ ಕ್ಲಿನಿಕ್ ಬೇಡ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಊಟ ಬೇಡ ಅನ್ನುತ್ತಾರೆ, ಮಗನನ್ನೇ ಗುರುತು ಹಿಡಿಯುವುದಿಲ್ಲ.

ಕಳೆದ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ನೀವೇ ಕೊಡಬೇಡಿ. ಕೊಟ್ಟ ಮೇಲೆ ಕಫ ಪರೀಕ್ಷೆ ಮಾಡಿದರೆ ರೋಗಾಣು ಸಿಗದೇ ಹೋಗಬಹುದು. ಡಾಕ್ಟರ್ ಕಫ ಕೇಳಿದರೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಿ ತೆಗೆದುಕೊಡಲು ಹೇಳಿ. ಎಂಜಲು ಕೊಟ್ಟರೆ ಉಪಯೋಗವಿಲ್ಲ.

ಮನೆಯವರು ಇನ್ನೂ ವಾರ್ಡಿನಲ್ಲೇ ಇದ್ದರೆ, ಅಲ್ಲಿ ನ್ಯುಮೋನಿಯಾ ಬಾರದಂತೆ ನೋಡಿಕೊಳ್ಳಲು ಪಕ್ಕದಲ್ಲಿರುವವರಿಗೂ ಕೆಲಸವಿದೆ. ದಿನಾ ಹಲ್ಲುಜ್ಜಿಸಿ. ನರ್ಸ್ ಹತ್ತಿರ ಕೇಳಿ ಮಂಚದ ತಲೆಭಾಗ ಎತ್ತಿಸಿ. ಮಲಗಿಸಿಕೊಂಡೇ ಗಂಜಿ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಡಾಕ್ಟರ್ ಒಪ್ಪಿದರೆ ಕೈಹಿಡಿದು ಬಾಗಿಲವರೆಗಾದರೂ ನಡೆಸಿ.