ಹಳೆಯ ಸೀರೆ ಬೇಡ, ಕೊಪ್ಪರಿಗೆ ಕಳಿಸಿ
ತೂಫಾನಿನ ಪರಿಹಾರಕ್ಕೆ ದೇವಸ್ಥಾನ, ಮಸೀದಿ, ಇಗರ್ಜಿಗಳು ಕೈಜೋಡಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಕುಮಟಾ ಕಡೆಯ ಒಂದು ಪರಿಹಾರ ಕೇಂದ್ರದಲ್ಲಿ ಎರಡು ದಿನ ಬಟ್ಟೆ ವಿಂಗಡಿಸುತ್ತ ಕುಳಿತಿದ್ದೆ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಮೂಟೆಗಳು. ಬಿಚ್ಚಿದರೆ ಝಿಪ್ಪು ಹೋದ ಪ್ಯಾಂಟು, ಯಾರದೋ ಮದುವೆಯ ಕೋಟು, ಜೋಡಿಯಿಲ್ಲದ ಚಪ್ಪಲಿ, ಜರಿ ಕಿತ್ತ ಸೀರೆ. ಜಗಲಿಯಲ್ಲಿದ್ದ ಹೆಂಗಸರು ಕೇಳಿದ್ದು ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಒಂದು ಒಣ ಚಾದರ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಉಳಿದ ಮೂಟೆಗಳನ್ನು ಸುಡುವುದೋ ಹೂಳುವುದೋ ಎಂಬುದು ಕೊನೆಗೆ ಪಂಚಾಯಿತಿಯ ತಲೆನೋವಾಯಿತು.

ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಪರಿಗಣಿಸಿ ಹೆಸರಿಡುತ್ತದೆ. ಅಮೆರಿಕದವರ ಹರಿಕೇನ್ ಇದೇ ಜಾತಿಯ, ಇನ್ನೂ ಜೋರಿನ ಗಾಳಿ. ನಮ್ಮ ಮೀನುಗಾರರ ಬಾಯಲ್ಲಿ ಎಲ್ಲವೂ ತೂಫಾನು. 2009ರ ನವೆಂಬರಿನ ಫಿಯಾನ್ ದಡ ಹತ್ತಿದ್ದು ಮಹಾರಾಷ್ಟ್ರದಲ್ಲಿ, 2021ರ ಮೇ ತಿಂಗಳ ತೌಕ್ತೆ ಗುಜರಾತಿನಲ್ಲಿ. 2019ರ ಅಕ್ಟೋಬರಿನ ಕ್ಯಾರ್ ಒಮಾನಿನ ದಿಕ್ಕು ಹಿಡಿಯಿತು. ನಮ್ಮ ಕರಾವಳಿಗೆ ಸಿಗುವುದು ಹೆಚ್ಚಾಗಿ ತೂಫಾನಿನ ಸೆರಗು ಮಾತ್ರ. ಒಬ್ಬರ ಹಂಚು ಹಾರುತ್ತದೆ, ಇನ್ನೊಬ್ಬರ ದೋಣಿ ಒಡೆಯುತ್ತದೆ, ಮತ್ತೊಬ್ಬರ ಬಾವಿಗೆ ಉಪ್ಪುನೀರು ನುಗ್ಗುತ್ತದೆ. ಹೀಗೆ ಚದುರಿದ ನಷ್ಟ ದೂರದ ದೊಡ್ಡ ಸಂಸ್ಥೆಗಳ ಕಣ್ಣಿಗೆ ಬೀಳುವುದು ಕಡಿಮೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯಿದ್ದಾಳೆ ಎಂಬುದು ಗೊತ್ತಿರುವುದು ಭಜನಾ ಮಂಡಳಿಗೆ, ಜಮಾತಿಗೆ, ಇಗರ್ಜಿಯ ಫಾದರ್‌ಗೆ.

ಮೊದಲ ಹೆಜ್ಜೆ: ಆಕಾಶ ತಿಳಿಯಾಗಿರುವಾಗಲೇ

ಅರಬ್ಬಿ ಸಮುದ್ರದಲ್ಲಿ ತೂಫಾನು ಏಳುವುದು ಮುಖ್ಯವಾಗಿ ಮಳೆಗಾಲಕ್ಕೆ ಮುಂಚೆ ಮತ್ತು ಅದು ಮುಗಿದ ಮೇಲೆ. ಹಾಗಾಗಿ ಏಪ್ರಿಲಿನಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಒಮ್ಮೆ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಧರ್ಮದವರೂ ಒಟ್ಟಿಗೆ ಕುಳಿತುಕೊಳ್ಳಿ. ಒಂದು ಪುಸ್ತಕ ಸಾಕು. ಸಭಾಭವನದ ಕೀಲಿ ರಾತ್ರಿ ಯಾರ ಬಳಿ ಇರುತ್ತದೆ, ಕೊಪ್ಪರಿಗೆ, ಹಂಡೆಗಳು ಎಷ್ಟಿವೆ, ಜನರೇಟರ್ ಯಾರಲ್ಲಿದೆ, ನಿವೃತ್ತ ನರ್ಸ್ ಯಾರಿದ್ದಾರೆ, ಪಿಕಪ್ ಓಡಿಸುವವರು ಯಾರು ಎಂಬುದನ್ನು ಅದರಲ್ಲಿ ಬರೆದಿಡಿ. ಮೊದಲ ಪುಟದಲ್ಲಿ ಮೂರು ಸಂಖ್ಯೆ: ಜಿಲ್ಲಾ ನಿಯಂತ್ರಣ ಕೊಠಡಿ 1077, ತುರ್ತು ಸೇವೆ 112, ವಿದ್ಯುತ್ ದೂರು 1912. ಮೊಬೈಲಿನಲ್ಲಿ ಇದ್ದರೂ ಕಾಗದದಲ್ಲಿ ಬರೆಯಿರಿ. ಮೊದಲು ಹೋಗುವುದೇ ಕರೆಂಟು.

ಎರಡನೆಯದು: ಬಾಗಿಲು ತೆರೆಯುವ ಮುಂಚೆ ಮಾತು ಮುಗಿಯಲಿ

ಕಾಳಜಿ ಕೇಂದ್ರ, ಅಂದರೆ ಸರ್ಕಾರದ ಪರಿಹಾರ ಶಿಬಿರ, ತೆರೆಯುವುದು ತಹಶೀಲ್ದಾರರ ತೀರ್ಮಾನ. ಸಭಾಭವನ ಕೊಡಲು ಸಿದ್ಧವಿದ್ದರೆ ಅವರಿಗೆ ಮೊದಲೇ ತಿಳಿಸಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು ಬೇಕು. ಹತ್ತು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದದ ಭವನದಲ್ಲಿ ಮದುವೆಗೆ ಮುನ್ನೂರು ಜನ ಕೂರಬಹುದು; ಮಲಗಬೇಕಾದರೆ 57 ಮಂದಿಗಷ್ಟೇ ಜಾಗ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಮುಟ್ಟಾದವರು ಭವನದಲ್ಲಿರಬಹುದೇ? ಹಿತ್ತಿಲಿನಲ್ಲಿ ಮೀನು ಬೇಯಿಸಬಹುದೇ? ಬೇರೆ ಧರ್ಮದವರು, ಬೇರೆ ಜಾತಿಯವರು ಬಾವಿಯ ಹಗ್ಗ ಮುಟ್ಟಬಹುದೇ? ನಡುರಾತ್ರಿ ಒದ್ದೆ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಈ ಚರ್ಚೆ ಮಾಡುವಂತಿಲ್ಲ. ಸಮಿತಿಗೆ ಒಪ್ಪಿಗೆ ಇಲ್ಲವೆಂದಾದರೆ ಭವನ ಕೊಡಬೇಡಿ; ಪಾತ್ರೆ, ಜಮಖಾನೆ, ಜನರೇಟರನ್ನು ಪಕ್ಕದ ಶಾಲೆಗೆ ಕಳಿಸಿ. ಕರೆದು ಅವಮಾನ ಮಾಡುವುದಕ್ಕಿಂತ ಅದು ಮೇಲು.

ಮೂರನೆಯದು: ದುಡ್ಡಿನ ಲೆಕ್ಕ

ಸಾಮಾನಿಗಿಂತ ದುಡ್ಡು ಬೇಗ ತಲುಪುತ್ತದೆ. ಅಂಗಡಿ ತೆರೆದಿದ್ದರೆ ಅಕ್ಕಿಯನ್ನು ಅಂಕೋಲೆಯಲ್ಲೋ ಕಾರವಾರದಲ್ಲೋ ಕೊಂಡರೆ ಅಲ್ಲಿನ ವ್ಯಾಪಾರಿಯೂ ಚೇತರಿಸಿಕೊಳ್ಳುತ್ತಾನೆ. ಶುಕ್ರವಾರದ ನಮಾಜು, ಭಾನುವಾರದ ಪೂಜೆ, ದೇವಸ್ಥಾನದ ವಿಶೇಷ ದಿನ ಎಲ್ಲಿಯೇ ಸಂಗ್ರಹಿಸಿದರೂ ಡಬ್ಬಿ ಬೇರೆ, ರಶೀದಿ ಪುಸ್ತಕ ಬೇರೆ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಮುಜರಾಯಿಗೆ ಸೇರಿದ ದೇವಸ್ಥಾನವಾದರೆ ಹುಂಡಿಗೆ ಕೈಹಾಕುವ ಮುಂಚೆ ಇಲಾಖೆಯ ಅನುಮತಿ ಪಡೆಯಿರಿ. ಮುಸ್ಲಿಮರ ಕಡ್ಡಾಯ ದಾನವಾದ ಝಕಾತ್ ಯಾರಿಗೆ ಸಲ್ಲಬೇಕೆಂಬುದಕ್ಕೆ ನಿಯಮಗಳಿವೆ. ಸ್ವಇಚ್ಛೆಯ ದಾನವಾದ ಸದಕಾಕ್ಕೆ ಆ ಕಟ್ಟು ಇಲ್ಲ. ಎರಡನ್ನೂ ಒಂದೇ ಚೀಲಕ್ಕೆ ಸುರಿಯದಿದ್ದರೆ ಆಮೇಲೆ ತಕರಾರು ಏಳುವುದಿಲ್ಲ.

ಭಟ್ಕಳ, ಹೊನ್ನಾವರದವರು ವಿಶೇಷವಾಗಿ ಗಮನಿಸಬೇಕಾದದ್ದು ಕೊಲ್ಲಿಯಿಂದ ಬರುವ ಹಣ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅಲ್ಲಿನ ಸಂಸ್ಥೆಗಳು ಕಳಿಸಿದ್ದು ಆಗುತ್ತದೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿಯೋ ಪೂರ್ವಾನುಮತಿಯೋ ಬೇಕು. ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ನೇರವಾಗಿ ಕಟ್ಟಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಪೂರ್ತಿ ವಿನಾಯಿತಿ ಉಂಟು, ಆದರೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ.

ನಾಲ್ಕನೆಯದು: ಕೇಳಿ ಕಳಿಸಿ

ಲಾರಿ ತುಂಬುವ ಮುಂಚೆ ಕರಾವಳಿಯ ಪಂಚಾಯಿತಿಗೆ ಒಂದು ಫೋನ್ ಮಾಡಿ: ಏನು ಬೇಕು, ಎಷ್ಟು ಬೇಕು, ಯಾರು ಇಳಿಸಿಕೊಳ್ಳುತ್ತಾರೆ, ದಾರಿ ತೆರೆದಿದೆಯೇ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ಅಷ್ಟೇ, ಆದರೆ ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿದರೆ ಆ ದೂರಕ್ಕೆ ಅರ್ಥವಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ ರಾತ್ರಿ ಮಳೆಯಲ್ಲಿ ಲಾರಿ ಹೊರಡಿಸುವವರಿಗೆ ಏನು ಹೇಳುವುದು?

ಒಂದು ಮನೆಗೆ ಒಂದು ಚೀಲದಂತೆ ಕಟ್ಟಿ: ಕುಚ್ಚಲಕ್ಕಿ, ಬೇಳೆ, ಎಣ್ಣೆ, ಉಪ್ಪು, ಮೆಣಸು, ಚಹಾಪುಡಿ, ಸಕ್ಕರೆ, ಸಾಬೂನು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ಒಆರ್‌ಎಸ್ ಪೊಟ್ಟಣ. ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ ಎಷ್ಟೇ ದುಬಾರಿಯದಾದರೂ ಗಂಜಿ ಉಣ್ಣುವ ಮನೆಗೆ ಅದು ಪರದೇಶಿ. ಶಿಶುಗಳಿಗೆಂದು ಹಾಲಿನ ಪುಡಿಯ ಡಬ್ಬಿ ಹಂಚಬೇಡಿ. ಕಲಸುವ ನೀರು ಕೆಟ್ಟದ್ದಾದರೆ ಮಗು ಭೇದಿಯಿಂದ ನರಳುತ್ತದೆ. ಅದನ್ನು ವೈದ್ಯರು ನಿರ್ಧರಿಸಲಿ. ಚೀಲದೊಳಗೆ ಧರ್ಮದ ಕರಪತ್ರ ಇಡಬೇಡಿ. ಕೊಡುವಾಗ ಫೋಟೋ ಬೇಡ, ಫ್ಲೆಕ್ಸ್ ಕೂಡ ಬೇಡ. ಹಳೆಯ ಫ್ಲೆಕ್ಸ್ ಇದ್ದರೆ ಮಾತ್ರ ಧಾರಾಳವಾಗಿ ಕಳಿಸಿ, ಹಂಚು ಹಾರಿದ ಮಾಡಿಗೆ ಹೊದಿಸಲು ಅಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಘಟ್ಟದವರಿಗೆ ಸುಲಭವಾಗಿ ಸಿಗುವ ಅಡಿಕೆ ಹಾಳೆಯ ತಟ್ಟೆಯನ್ನು ಮರೆಯಬೇಡಿ. ನೀರಿಲ್ಲದ ಕಡೆ ತಟ್ಟೆ ತೊಳೆಯುವವರು ಯಾರು?

ಐದನೆಯದು: ಅಡಿಗೆ ಮನೆ

ಇದರಲ್ಲಿ ದೇವಸ್ಥಾನಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಾವಿರ ಜನರ ಸಮಾರಾಧನೆ ಮಾಡಿದ ಭಟ್ಟರಿಗೆ ನೂರು ಜನರ ಗಂಜಿ ಲೆಕ್ಕವೇ ಅಲ್ಲ. ಕುದಿಸಿದ ನೀರು ಮಾತ್ರ ಕುಡಿಯಲು, ಮಾಡಿದ್ದನ್ನು ಆಯಾ ಹೊತ್ತಿಗೇ ಮುಗಿಸುವುದು, ಇಷ್ಟು ನೋಡಿಕೊಂಡರಾಯಿತು.

ಆರನೆಯದು: ಸ್ವಯಂಸೇವಕರು

ನೀರಿಗೆ ಇಳಿಯುವ ಕೆಲಸ ಮೀನುಗಾರರದು, ರಕ್ಷಣಾ ಪಡೆಯವರದು. ಘಟ್ಟದ ಹುಡುಗರು ಉತ್ಸಾಹದಲ್ಲಿ ಕಡಲಿಗೆ ಇಳಿದರೆ ಅವರನ್ನೇ ಹುಡುಕುವ ಕೆಲಸ ಹೆಚ್ಚಾಗುತ್ತದೆ. ಬಿದ್ದ ತಂತಿಯ ಹತ್ತಿರ ಯಾರೂ ಹೋಗಬೇಡಿ. 1912ಕ್ಕೆ ತಿಳಿಸಿ ಕಾಯಿರಿ. ಕೆಸರು ಬಳಿಯುವವರಿಗೆ ಗಂಬೂಟು, ಕೈಗವಸು ಕಡ್ಡಾಯ. ನೆರೆ ಇಳಿದ ಮೇಲೆ ಇಲಿ ಜ್ವರ ಕಾಯುತ್ತಿರುತ್ತದೆ. ಕಾಲಿನಲ್ಲಿ ಗಾಯವಿದ್ದವರು ಲೆಕ್ಕ ಬರೆಯಲಿ.

ನಿಜವಾಗಿ ಬೇಕಾಗುವವರು ಕಸುಬು ಬಲ್ಲವರು. ಹಂಚು ಹೊದಿಸುವವರು, ರೀಪು ಹೊಡೆಯುವ ಬಡಗಿಗಳು, ವೈರಿಂಗ್ ಮಾಡುವವರು. ಶಿರಸಿ, ಸಿದ್ದಾಪುರದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಎತ್ತರದಲ್ಲಿ ಹಗ್ಗ ಕಟ್ಟಿ ಕೆಲಸ ಮಾಡಿ ಅಭ್ಯಾಸ. ಮನೆಯ ಮೇಲೆ ವಾಲಿದ ತೆಂಗಿನ ಮರವನ್ನು ತುಂಡುತುಂಡಾಗಿ ಇಳಿಸಲು ಅವರಷ್ಟು ಒದಗುವವರು ಇಲ್ಲ. ಅವರಿಗೆ ದಿನದ ಕೂಲಿ ಕೊಡಿ. ಸೇವೆಯ ಹೆಸರಿನಲ್ಲಿ ದಿನಗೂಲಿಯವನ ಸಂಪಾದನೆ ಕಸಿಯುವುದು ನನಗೆ ಒಪ್ಪಿತವಲ್ಲ.

ಏಳನೆಯದು: ಲಾರಿಗಳು ಹೋದ ಮೇಲೆ

ಹದಿನೈದು ದಿನಕ್ಕೆ ಸುದ್ದಿ ಹಳತಾಗುತ್ತದೆ. ಕಾಗದದ ಕೆಲಸ ಜೋರಾಗುವುದು ಆಗ. ಆದರೆ ಅದರ ತಯಾರಿ ಮೊದಲ ದಿನವೇ ಶುರುವಾಗಬೇಕು: ಮನೆ ತೊಳೆಯುವ ಮುಂಚೆ ಗೋಡೆಯ ನೀರಿನ ಗುರುತು, ಬಿದ್ದ ಮಾಡು, ಒಡೆದ ದೋಣಿ, ಹರಿದ ಬಲೆಯ ಫೋಟೋ ತೆಗೆದಿಡಲು ಹೇಳಿ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬರುವ ಹೊತ್ತಿಗೆ ಎಲ್ಲ ಗುಡಿಸಿ ಸಾರಿಸಿದ್ದರೆ ನಷ್ಟ ತೋರಿಸುವುದು ಹೇಗೆ? ಅರ್ಜಿ ತುಂಬಿಸಲು, ಕಳೆದುಹೋದ ಪಡಿತರ ಚೀಟಿ, ಆಧಾರ್ ಮತ್ತೆ ಮಾಡಿಸಲು ಕಾಲೇಜು ಓದುವ ಮಕ್ಕಳನ್ನು ಕೂರಿಸಿ.

ತೂಫಾನು ಮೇ ತಿಂಗಳದ್ದಾದರೆ ಇನ್ನೊಂದು ಲೆಕ್ಕವಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೇಯಲ್ಲಿ ಬಲೆ ಕಳೆದುಕೊಂಡ ಮನೆಗೆ 61 ದಿನ ಬೋಟಿನ ಸಂಪಾದನೆಯಿಲ್ಲ, ಆಗಸ್ಟಿಗೆ ಕಡಲಿಗೆ ಇಳಿಯಲು ಬಲೆಯೂ ಇಲ್ಲ. ಕೂಡಿಸಿದ ದುಡ್ಡನ್ನೆಲ್ಲ ಮೊದಲ ವಾರವೇ ಅಕ್ಕಿಗೆ ಸುರಿಯದೆ, ಅರ್ಧವನ್ನಾದರೂ ಬಲೆಗೆ, ಹಂಚಿಗೆ, ಶಾಲೆ ಶುರುವಾಗುವ ಮಕ್ಕಳಿಗೆ ತೆಗೆದಿಡಿ. ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಚ್ಚಿ.

ಪಾತ್ರೆಗಳು ವಾಪಸು ಬಂದಾಗ ಎಣಿಸಿಕೊಳ್ಳಿ. ಕೊಪ್ಪರಿಗೆಯ ಮೇಲೆ ಕೊಟ್ಟವರ ಹೆಸರು ಕೆತ್ತಿರುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಕಳೆಯುವುದು ಸಟ್ಟುಗಗಳು. ಹೊರಡುವ ಮುಂಚೆ ಹಿಡಿಗೆ ಬಣ್ಣ ಬಳಿದುಬಿಡಿ: ಗುಡಿಯದಕ್ಕೆ ಕೆಂಪು, ಮಸೀದಿಯದಕ್ಕೆ ಹಸಿರು, ಇಗರ್ಜಿಯದಕ್ಕೆ ನೀಲಿ.