ಮಾರುದನಿ ಒಂದು ಹೆಜ್ಜೆ ಹಿಂದಿರಲಿ: ಡಿಲೇ ಪೆಡಲ್ ಜೊತೆ ನನ್ನ ಅನುಭವ

ಡಿಲೇ ಪೆಡಲ್ ಅಂದರೆ ಗಿಟಾರ್‌ನಲ್ಲಿ ನುಡಿಸಿದ್ದನ್ನೇ ಸ್ವಲ್ಪ ತಡವಾಗಿ ಮಾರುದನಿಯಾಗಿ ಕೇಳಿಸುವ, ಕಾಲಲ್ಲಿ ತುಳಿಯುವ ಡಬ್ಬಿ. ನನ್ನ ಮೊದಲನೆಯದು ಕೈಗೆ ಬಂದ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಟೈಮ್ (ಮಾರುದನಿ ಎಷ್ಟು ತಡ), ಫೀಡ್‌ಬ್ಯಾಕ್ (ಎಷ್ಟು ಸಲ), ಮಿಕ್ಸ್ (ಎಷ್ಟು ಜೋರು) ಮೂರೂ ನಾಬ್‌ಗಳನ್ನು ಮುಕ್ಕಾಲು ತಿರುಗಿಸಿ, ಒಂದು ತಂತಿ ಮೀಟಿ, ಅದು ಕೋಣೆ ತುಂಬ ಓಡಾಡುವುದನ್ನು ಕೇಳುತ್ತಾ ಕೂತೆ. ಬೆಟ್ಟದ ಬುಡದಲ್ಲಿ ನಿಂತು ಕೂಗಿದ ಹಾಗೆ. ಏನು ನುಡಿಸಿದರೂ ಚೆಂದವೇ. ಎಡವಟ್ಟು ಅಲ್ಲೇ ಶುರುವಾಗಿದ್ದು.

ಅದೇ ಸೆಟ್ಟಿಂಗ್‌ನಲ್ಲಿ ಗೆಳೆಯರ ಜೊತೆ ಅಭ್ಯಾಸಕ್ಕೆ ಹೋದೆ. ಎರಡನೇ ಹಾಡಿನ ನಡುವೆ ಡ್ರಮ್ಮರ್ ಕೋಲು ಮೇಲೆತ್ತಿ ನಿಲ್ಲಿಸಿಬಿಟ್ಟ. "ಲೋ, ಇದ್ರಲ್ಲಿ ನೀನು ನುಡಿಸಿದ್ದು ಯಾವ್ದು, ಆ ಡಬ್ಬಿ ನುಡಿಸಿದ್ದು ಯಾವ್ದು? ನಾನು ಯಾವ್ದನ್ನ ಹಿಡ್ಕೊಂಡು ಬಾರಿಸ್ಲಿ?" ಸಿಟ್ಟು ಬಂತು. ರಾತ್ರಿ ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿದ ಮೇಲೆ ಸಿಟ್ಟು ಇಳಿಯಿತು. ನನ್ನ ಗಿಟಾರ್ ಬಾವಿಯೊಳಗಿಂದ ಕೇಳಿಸುತ್ತಿತ್ತು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದಾಗಲೆಲ್ಲ ಹಿಂದಿನ ಕಾರ್ಡ್‌ನ ಬಾಲ ಹೊಸದರ ಮೇಲೆ ಬಿದ್ದು ಎರಡೂ ಕೆಟ್ಟಿದ್ದವು.

ಆಮೇಲೆ ತಿಂಗಳುಗಟ್ಟಲೆ ನಾಬ್ ತಿರುಗಿಸಿದೆ. ಕೊನೆಗೆ ಗೊತ್ತಾಗಿದ್ದೇನೆಂದರೆ, ನನ್ನ ಅರ್ಧ ತೊಂದರೆ ನಾಬ್‌ಗಳಲ್ಲಿ ಇರಲೇ ಇಲ್ಲ. ಡಿಲೇಯನ್ನು ಡಿಸ್ಟಾರ್ಷನ್ ಪೆಡಲ್‌ನ, ಅಂದರೆ ದನಿಯನ್ನು ಒರಟು ಮಾಡುವ ಪೆಡಲ್‌ನ, ಮುಂದೆ ಹಾಕಿದ್ದೆ. ಅಂದರೆ ಗಿಟಾರ್‌ನಿಂದ ಮೊದಲು ಡಿಲೇಗೆ, ಅಲ್ಲಿಂದ ಡಿಸ್ಟಾರ್ಷನ್‌ಗೆ. ಡಿಸ್ಟಾರ್ಷನ್ ಜೋರು ದನಿಯನ್ನು ಒತ್ತಿ, ಮೆಲುದನಿಯನ್ನು ಮೇಲೆತ್ತುತ್ತದೆ. ಅದರ ಗುಣವೇ ಅದು. ಹಾಗಾಗಿ ಸಣ್ಣಗೆ ಕರಗಿಹೋಗಬೇಕಿದ್ದ ಮಾರುದನಿ ಅಸಲಿ ಸ್ವರದಷ್ಟೇ ದಪ್ಪವಾಗಿ ಬರುತ್ತಿತ್ತು. ಸಾಲದ್ದಕ್ಕೆ ಹಳೆಯ ಸ್ವರ, ಹೊಸ ಸ್ವರ ಎರಡನ್ನೂ ಒಟ್ಟಿಗೆ ಅರೆದು ಗೊಜ್ಜು ಮಾಡುತ್ತಿತ್ತು. ಎರಡು ಕೇಬಲ್ ಅದಲು ಬದಲು ಮಾಡಿ ಡಿಲೇಯನ್ನು ಹಿಂದಕ್ಕೆ ತಂದ ತಕ್ಷಣ ದನಿ ಬಿಡಿಸಿಕೊಂಡಿತು. ನಿಮ್ಮ ಡಿಸ್ಟಾರ್ಷನ್ ಆಂಪ್‌ನಿಂದಲೇ (ಆಂಪ್ಲಿಫೈಯರ್) ಬರುತ್ತದೆ ಎಂದಾದರೆ, ಆಂಪ್ ಹಿಂದೆ ಸೆಂಡ್, ರಿಟರ್ನ್ ಎಂಬ ಎಫೆಕ್ಟ್ಸ್ ಲೂಪ್ ಇದೆಯೇ ನೋಡಿ. ಡಿಲೇಯ ಜಾಗ ಅದು. ಬೇಕೆಂದೇ ಮುಂದೆ ಹಾಕುವವರೂ ಇದ್ದಾರೆ, ಆ ಗೊಜ್ಜಿಗೂ ಅದರದೇ ರುಚಿ ಇದೆ. ನನಗೆ ಒಗ್ಗಲಿಲ್ಲ.

ಇನ್ನೊಂದು ಪೀಡೆ ಕರೆಂಟ್‌ನದು. ನಾಲ್ಕು ಪೆಡಲ್‌ಗೂ ಒಂದೇ ಅಡಾಪ್ಟರ್‌ನಿಂದ ಸರಪಳಿ ಕೇಬಲ್ ಎಳೆದಿದ್ದೆ. ಡಿಸ್ಟಾರ್ಷನ್ ಆನ್ ಮಾಡಿದರೆ ಹಿಂದೆ ಸೊಳ್ಳೆಯ ಹಾಗೆ ಸಣ್ಣ ಕೀರಲು. ಗಿಟಾರ್ ಪಿಕಪ್, ಕೇಬಲ್, ಎಲ್ಲವನ್ನೂ ಅನುಮಾನಿಸಿದೆ. ಕಾರಣ ಡಿಜಿಟಲ್ ಡಿಲೇ. ಅದರೊಳಗಿನ ಪ್ರೊಸೆಸರ್‌ನ ಗದ್ದಲ ಅದೇ ತಂತಿಯ ಮೂಲಕ ಉಳಿದ ಪೆಡಲ್‌ಗಳಿಗೂ ನುಗ್ಗುತ್ತಿತ್ತು. ಅದಕ್ಕೊಂದು ಬೇರೆ ಅಡಾಪ್ಟರ್ ಕೊಟ್ಟೆ, ಸೊಳ್ಳೆ ಸತ್ತಿತು.

ಇಷ್ಟಾದ ಮೇಲೆ ನಾಬ್‌ಗಳ ಮಾತು. ಮೊದಲು ಟೈಮ್, ಯಾಕೆಂದರೆ ಡ್ರಮ್ಮರ್ ತಕರಾರು ಇದ್ದದ್ದು ಇದರ ಮೇಲೆ. ಲೆಕ್ಕ ಸುಲಭ: 60000 ಅನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ. ವೇಗ 120 ಇದ್ದರೆ 500. ಅರ್ಧ ಬೀಟ್‌ಗೆ 250. ಮುಕ್ಕಾಲಿಗೆ 375.

ಈ ಮುಕ್ಕಾಲಿನ ಆಟವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗಿಟಾರ್‌ನವರು ಡಾಟೆಡ್ ಎಯ್ತ್ ಅನ್ನುವುದು ಇದನ್ನೇ. ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಹೆಸರು ಕೇಳಿದರೆ ನೆನಪಾಗುವ ಸದ್ದು. ನನಗೆ ಅರ್ಥವಾಗಿದ್ದು ಬಾಯಲ್ಲಿ ಹೇಳಿಕೊಂಡಾಗ. ಒಂದು ಬೀಟ್ ಅಂದರೆ ತ-ಕ-ದಿ-ಮಿ ಎಂದಿಟ್ಟುಕೊಳ್ಳಿ. ನಾನು ಮೀಟುವುದು ತ ಮತ್ತು ದಿ ಮೇಲೆ ಮಾತ್ರ. ಪೆಡಲ್ ಮೂರು ಅಕ್ಷರ ತಡವಾಗಿ ಉತ್ತರ ಕೊಡುತ್ತದೆ. ತ ಮೇಲೆ ಮೀಟಿದ್ದರ ಮಾರುದನಿ ಮಿ ಮೇಲೆ ಬೀಳುತ್ತದೆ, ದಿ ಮೇಲಿನದು ಮುಂದಿನ ಬೀಟ್‌ನ ಕ ಮೇಲೆ. ನಾನು ಬಿಟ್ಟ ಜಾಗಗಳೆಲ್ಲ ತಾವಾಗಿಯೇ ತುಂಬಿಕೊಳ್ಳುತ್ತವೆ. ಎರಡು ಕೈ ಬದಲು ನಾಲ್ಕು ಕೈ ಇದ್ದ ಹಾಗೆ ಕೇಳಿಸುತ್ತದೆ. ಆದರೆ ಎರಡನೇ ಮಾರುದನಿ ಬರುವುದು ಆರು ಅಕ್ಷರ ತಡವಾಗಿ, ಅಂದರೆ ಮತ್ತೆ ನಾನು ಮೀಟುವ ಜಾಗದ ಮೇಲೇ. ಅಷ್ಟರಲ್ಲಿ ಸ್ವರ ಬದಲಾಗಿದ್ದರೆ ತಿಕ್ಕಾಟ. ಅದಕ್ಕೇ ಈ ಆಟಕ್ಕೆ ಫೀಡ್‌ಬ್ಯಾಕ್ ತೀರಾ ಕಡಿಮೆ ಇಡುತ್ತೇನೆ, ಒಂದು ಸ್ಪಷ್ಟ ಉತ್ತರ, ಇನ್ನೊಂದರ ನೆರಳು. ಇನ್ನು ಬಲಗೈ ಗಡಿಯಾರದ ಹಾಗಿರಬೇಕು. ಕೈ ಸ್ವಲ್ಪ ಓಡಿದರೂ ಪೆಡಲ್ ಆ ತಪ್ಪನ್ನು ಇನ್ನೊಮ್ಮೆ ಹೇಳಿ ತೋರಿಸುತ್ತದೆ. ನಾನು ತಾಳ ಹಿಡಿಯುವ ಮೆಟ್ರೊನೋಮ್ ಹಾಕಿ ನಿಯತ್ತಾಗಿ ಕೂತಿದ್ದು ಈ ಡಬ್ಬಿಯ ಕಾಟಕ್ಕೆ.

ಲಯದ ಗೊಡವೆಯೇ ಬೇಡದ ಸದ್ದೂ ಒಂದಿದೆ, ಸ್ಲ್ಯಾಪ್‌ಬ್ಯಾಕ್. 1950ರ ದಶಕದಲ್ಲಿ ಅಮೆರಿಕದ ಸನ್ ಸ್ಟುಡಿಯೋದಲ್ಲಿ ಅದರ ಮಾಲೀಕ ಸ್ಯಾಮ್ ಫಿಲಿಪ್ಸ್ ಟೇಪ್ ಯಂತ್ರಗಳಿಂದ ತೆಗೆದ ಸದ್ದು ಅದು. ಸುಮಾರು 100ರಿಂದ 130 ಮಿಲಿಸೆಕೆಂಡ್, ಒಂದೇ ಒಂದು ಮಾರುದನಿ, ಫೀಡ್‌ಬ್ಯಾಕ್ ಸೊನ್ನೆ. ಬೋಳು ಗಿಟಾರ್‌ಗೆ ಇದ್ದಕ್ಕಿದ್ದಂತೆ ಮೈ ಬರುತ್ತದೆ.

ಫೀಡ್‌ಬ್ಯಾಕ್ ನಾಬ್ ಬಗ್ಗೆ ನನ್ನ ಮರ್ಯಾದೆ ಹೋದ ಕತೆ ಒಂದಿದೆ. ಮಾರುದನಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ತಗ್ಗಿ ಪೆಡಲ್‌ನೊಳಕ್ಕೆ ವಾಪಸ್ ಹೋಗುತ್ತದೆ. ತಗ್ಗದೆ ಹೋದರೆ ಸುತ್ತು ಸುತ್ತಿಗೂ ಬೆಳೆಯುತ್ತದೆ. ಒಂದು ಕಾರ್ಯಕ್ರಮದಲ್ಲಿ, ಗಾಯಕಿ ಒಬ್ಬರೇ ಮೆಲ್ಲಗೆ ಹಾಡುತ್ತಿದ್ದ ಸಾಲಿನಲ್ಲಿ, ಪಕ್ಕದ ಪೆಡಲ್ ತುಳಿಯಲು ಹೋಗಿ ಶೂ ತುದಿ ಫೀಡ್‌ಬ್ಯಾಕ್ ನಾಬ್‌ಗೆ ತಗುಲಿತು. ಮೊದಲು ಗುಂಯ್ ಅಂತು, ಆಮೇಲೆ ಊಳಿಡಲು ಶುರುವಾಯಿತು. ಗಾಬರಿಯಲ್ಲಿ ಪೆಡಲ್ ಆಫ್ ಮಾಡಿದೆ, ನಿಲ್ಲಲಿಲ್ಲ. ಆಫ್ ಮಾಡಿದರೂ ಬಾಲ ಕರಗುವವರೆಗೆ ಕೇಳಿಸಲಿ ಎಂದು ಟ್ರೇಲ್ಸ್ ಆಯ್ಕೆಯನ್ನು ನಾನೇ ಆನ್ ಮಾಡಿಟ್ಟಿದ್ದೆ. ಕರಗದ ಬಾಲಕ್ಕೆ ಕೊನೆ ಎಲ್ಲಿ? ಮಂಡಿಯೂರಿ ಕೂತು ನಾಬ್ ತಗ್ಗಿಸಬೇಕಾಯಿತು. ಈಗ ಆ ನಾಬ್‌ನ ಬುಡಕ್ಕೆ ಬಿಗಿಯಾದ ರಬ್ಬರ್ ಉಂಗುರ ಹಾಕಿದ್ದೇನೆ, ಬೆರಳಿಗೂ ಕಷ್ಟಪಟ್ಟೇ ತಿರುಗುತ್ತದೆ.

ಮಿಕ್ಸ್‌ನಲ್ಲಿ ನಾನು ಅತಿ ಹೆಚ್ಚು ದಿನ ತಡಕಾಡಿದೆ. ಜಾಸ್ತಿ ಇಟ್ಟರೆ ಬಾವಿ. ಹೆದರಿ ಇಳಿಸಿದರೆ ಡ್ರಮ್ಸ್ ಮತ್ತು ಬೇಸ್ ನಡುವೆ ಡಿಲೇ ಇರುವುದೇ ಗೊತ್ತಾಗುವುದಿಲ್ಲ. ಈ ಎರಡರ ನಡುವೆ ದಾರಿ ತೋರಿಸಿದ್ದು ಗೆಳೆಯನಿಂದ ತಂದ ಒಂದು ಹಳೆಯ ಅನಲಾಗ್ ಪೆಡಲ್. ಅದರ ಮಿಕ್ಸ್ ಅರ್ಧಕ್ಕೆ ಏರಿಸಿದರೂ ನನ್ನ ಪಿಕ್ ತಂತಿಗೆ ತಾಗುವ ಟಕ್ ಸದ್ದು ಮುಂದೆಯೇ ನಿಂತಿರುತ್ತಿತ್ತು.

ಕಾರಣ ಹುಡುಕಿದೆ. ಅನಲಾಗ್ ಡಿಲೇಯಲ್ಲಿ ಇರುವುದು ಬಕೆಟ್ ಬ್ರಿಗೇಡ್ ಚಿಪ್, 1969ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿಯಲ್ಲಿ ಹುಟ್ಟಿದ ವಿದ್ಯೆ. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ನೀರಿನ ಬಕೆಟ್ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ದನಿ ಒಂದು ಹಂತದಿಂದ ಇನ್ನೊಂದಕ್ಕೆ ದಾಟುತ್ತದೆ. 4096 ಹಂತಗಳ ಒಂದು ಚಿಪ್‌ನಿಂದ 300 ಮಿಲಿಸೆಕೆಂಡ್ ತಡ ಬೇಕೆಂದರೆ ಸೆಕೆಂಡಿಗೆ ಸುಮಾರು 6800 ಸಲದಷ್ಟು (ಒಂದು ಸಲಕ್ಕೆ ಎರಡು ಹಂತ) ನಿಧಾನಕ್ಕೆ ದಾಟಿಸಬೇಕು. ಅಷ್ಟು ನಿಧಾನದಲ್ಲಿ ಅದರ ಅರ್ಧಕ್ಕಿಂತ, ಅಂದರೆ 3400 ಹರ್ಟ್ಸ್‌ಗಿಂತ ಮೇಲಿನ ದನಿ ಸರಿಯಾಗಿ ದಾಟುವುದೇ ಇಲ್ಲ, ಅದನ್ನು ಫಿಲ್ಟರ್ ಹಾಕಿ ಮೊದಲೇ ಕತ್ತರಿಸುತ್ತಾರೆ. ಹೀಗಾಗಿ ಮಾರುದನಿಯಲ್ಲಿ ಮಿಂಚು ಇರುವುದಿಲ್ಲ. ಮಿಂಚೆಲ್ಲ ಅಸಲಿ ಸ್ವರದ ಪಾಲಿಗೇ ಉಳಿಯುತ್ತದೆ. ಟೇಪ್ ಎಕೋ ಯಂತ್ರಗಳಲ್ಲೂ ಸುತ್ತು ಸುತ್ತಿಗೆ ಹೀಗೇ ಮಸುಕಾಗುತ್ತದೆ. ಕಂಪನಿಗಳು ಈಗ ಹಾಡಿ ಹೊಗಳುವ ಆ ಬೆಚ್ಚನೆಯ ಸದ್ದು, ಅಸಲಿಗೆ ಯಂತ್ರದ ಕೈಲಾಗದತನ.

ನನ್ನ ಡಿಜಿಟಲ್ ಪೆಡಲ್‌ನ ಮಾರುದನಿ ಅಸಲಿಯಷ್ಟೇ ಹೊಳೆಯುತ್ತಿತ್ತು, ಅಲ್ಲೇ ಪೈಪೋಟಿ ಹುಟ್ಟುತ್ತಿತ್ತು. ಮುಕ್ಕಾಲಿನ ಆಟಕ್ಕೆ ಆ ಹೊಳಪು ಬೇಕು, ಹಾಗಾಗಿ ಅದನ್ನು ಮಾರಲಿಲ್ಲ. ಆದರೆ ಸೋಲೋಗೆ, ನಿಧಾನ ಹಾಡಿಗೆ ಮಸುಕು ಮಾರುದನಿಯೇ ಸರಿ. ಡಿಜಿಟಲ್ ಪೆಡಲ್‌ನಲ್ಲಿ ಟೋನ್ ನಾಬ್ ಇದ್ದರೆ ಅದನ್ನು ಮಸುಕಿನ ಕಡೆಗೆ ತಿರುಗಿಸಿ, ಆಮೇಲೆ ಮಿಕ್ಸ್ ಏರಿಸಿ ನೋಡಿ. ಮೊದಲು ಮಸುಕು, ಆಮೇಲೆ ಮಿಕ್ಸ್. ಈ ಕ್ರಮ ಮುಖ್ಯ. ಪರೀಕ್ಷೆಗೆ ನುಡಿಸುತ್ತಿರುವಾಗಲೇ ಪೆಡಲ್ ಆಫ್ ಮಾಡುತ್ತೇನೆ. ಆನ್ ಇದ್ದಾಗ ಕಿವಿಗೆ ಬೀಳದೆ, ಆಫ್ ಆದ ಕ್ಷಣ ಏನೋ ಕಳೆದುಹೋಯಿತು ಅನ್ನಿಸಿದರೆ ಅಲ್ಲಿಗೆ ಬಿಡುತ್ತೇನೆ.

ಒಂದು ಸಣ್ಣ ಚಾಳಿ: ಗಿಟಾರ್‌ನ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಮೀಟಿ, ಕಿರುಬೆರಳಲ್ಲಿ ಮೆಲ್ಲಗೆ ಏರಿಸುವುದು. ಟಕ್ ಸದ್ದು ಇಲ್ಲದ ಸ್ವರ ಡಿಲೇಗೆ ಹೋದರೆ ಪಿಟೀಲಿನ ಹಾಗೆ ಅರಳುತ್ತದೆ. ಇದಕ್ಕೆ ಮಾತ್ರ ಮಿಕ್ಸ್ ಎಷ್ಟಿದ್ದರೂ ನಡೆಯುತ್ತದೆ.

ಈಗ ಹಾಡು ಶುರುವಾಗುವ ಮುಂಚೆ ಡ್ರಮ್ಮರ್‌ನ ಹೈ-ಹ್ಯಾಟ್ ನೋಡುತ್ತಾ ಟ್ಯಾಪ್ ಸ್ವಿಚ್ ನಾಲ್ಕು ಸಲ ತುಳಿಯುತ್ತೇನೆ, ತುಳಿದ ವೇಗಕ್ಕೇ ಪೆಡಲ್ ತನ್ನ ಟೈಮ್ ಹೊಂದಿಸಿಕೊಳ್ಳುತ್ತದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅವನ ವೇಗ ಒಂದು ಚೂರು ಏರಿರುತ್ತದೆ, ಯಾವಾಗಲೂ. ಹೇಳಿದರೆ ಒಪ್ಪುವುದಿಲ್ಲ. ಸುಮ್ಮನೆ ಮತ್ತೆ ನಾಲ್ಕು ಸಲ ತುಳಿಯುತ್ತೇನೆ.