ಹಳೆಯ ಹೊಂಡಾ ಫೋರ್ ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ

ಮಡಗಾಂವಿನಲ್ಲಿ ನೆಲೆಸಿರುವ ಧಾರವಾಡ ಕಡೆಯ ನನ್ನ ಪರಿಚಿತರೊಬ್ಬರು ಹೊಂಡಾ ಸಿಬಿ750 ಕೊಳ್ಳಲು ಹೋದಾಗ, ಮಾರುವವರು ಅದನ್ನು ಮೊದಲೇ ಓಡಿಸಿ ಬಿಸಿಮಾಡಿ ನಿಲ್ಲಿಸಿದ್ದರು. ಗುಂಡಿ ಒತ್ತಿದೊಡನೆ ಎಂಜಿನ್ ಚಾಲೂ ಆಯಿತು, ವ್ಯವಹಾರವೂ ಮುಗಿಯಿತು. ಮರುದಿನ ಬೆಳಿಗ್ಗೆ ಒಂದು ಸಿಲಿಂಡರು ಕೆಲಸವನ್ನೇ ಮಾಡಲಿಲ್ಲ. 1969ರಲ್ಲಿ ಬಂದ ಈ ನಾಲ್ಕು ಸಿಲಿಂಡರಿನ 736 ಸಿಸಿಯ ಬೈಕಿನ ಅಂದಕ್ಕೆ ಮರುಳಾಗಿ ಹಲವರು ಇದೇ ತಪ್ಪು ಮಾಡುವುದನ್ನು ಕಂಡಿದ್ದೇನೆ.

ಮೊದಲು ಕಾಗದಪತ್ರ. ಹ್ಯಾಂಡಲ್ ಕೆಳಗಿನ ಫ್ರೇಮಿನ ಸಂಖ್ಯೆ ಮತ್ತು ಎಂಜಿನ್ ಮೇಲಿನ ಸಂಖ್ಯೆ ಎರಡೂ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗಬೇಕು. ಆದರೆ ಕಾರ್ಖಾನೆಯಿಂದ ಬರುವಾಗಲೇ ಇವೆರಡೂ ಒಂದೇ ಆಗಿರುವುದಿಲ್ಲವಾದ್ದರಿಂದ ಆ ವ್ಯತ್ಯಾಸಕ್ಕೆ ಗಾಬರಿಯಾಗಬೇಡಿ. ಐವತ್ತು ವರ್ಷ ದಾಟಿದ ಬೈಕನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಆಗ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಬಳಿಕ ಟಾರ್ಚ್ ಹಿಡಿದು ಪೆಟ್ರೋಲ್ ಟ್ಯಾಂಕಿನ ಒಳಗೆ ನೋಡಿ. ಗೋವಾದ ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ, ಎಥೆನಾಲ್ ಬೆರೆತ ಪೆಟ್ರೋಲು ತೇವವನ್ನು ಇನ್ನಷ್ಟು ಹೀರುತ್ತದೆ. ತುಕ್ಕಿನ ಮೇಲೆಯೇ ಸೀಲರ್ ಲೇಪಿಸಿದ ಟ್ಯಾಂಕನ್ನು ನಾನಂತೂ ಒಪ್ಪುವುದಿಲ್ಲ. ಆ ಪದರ ಕಿತ್ತುಬಂದು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿಗೆ ಸೇರುತ್ತದೆ. ಹೊಸದಾಗಿ ಬಳಿದ ಬಣ್ಣಕ್ಕಿಂತ ಮಾಸಿದ ಮೂಲ ಬಣ್ಣವೇ ಮೇಲು.

ಇನ್ನು ನಿಜವಾದ ಪರೀಕ್ಷೆ. ನೀವು ಬರುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಹಿಂದಿನ ದಿನವೇ ತಿಳಿಸಿ, ಹೋದಕೂಡಲೇ ಸೈಲೆನ್ಸರ್ ಪೈಪು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿದ್ದರೆ ಪೆಟ್ರೋಲ್ ಕಾಕ್ ತೆರೆದು ಒಂದು ನಿಮಿಷ ಕಾಯಿರಿ. ಕಾರ್ಬೊರೇಟರಿನ ಕೆಳಗಿನ ಕೊಳವೆಗಳಿಂದ ಪೆಟ್ರೋಲು ತೊಟ್ಟಿಕ್ಕಿದರೆ ಅದರೊಳಗೆ ಪೆಟ್ರೋಲಿನ ಹರಿವನ್ನು ತಡೆಯುವ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂದು ಅರ್ಥ. ಚೋಕ್ ಎಳೆದು, ಆ್ಯಕ್ಸಿಲರೇಟರ್ ತಿರುವದೆ ಚಾಲೂ ಮಾಡಿ. ಗಾಳಿ ಹೀರುವ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲು ಯಾರಾದರೂ ಮುಂದಾದರೆ ತಡೆಯಿರಿ, ಅದು ದೋಷವನ್ನು ಮುಚ್ಚಿಡುತ್ತದೆ.

ಅರ್ಧ ನಿಮಿಷದೊಳಗೆ ಒದ್ದೆ ಬಟ್ಟೆಯಿಂದ ನಾಲ್ಕೂ ಪೈಪುಗಳ ಮೇಲೆ, ಎಂಜಿನ್ನಿಗೆ ಅಂಟಿದಂತಿರುವ ಜಾಗದಲ್ಲಿ, ಒಂದೊಂದು ಹನಿ ನೀರು ಬೀಳಿಸಿ. ನಾಲ್ಕೂ ಹನಿಗಳು ಚುಂಯ್ ಎಂದು ಆರಬೇಕು. ಸವಾರನ ಎಡದಿಂದ ಎಣಿಸಿದರೆ ಒಂದು ಮತ್ತು ನಾಲ್ಕನೆಯ ಸಿಲಿಂಡರಿಗೆ ಕಿಡಿಯ ವಿದ್ಯುತ್ ಕೊಡುವುದು ಒಂದೇ ಕಾಯಿಲ್, ಎರಡು ಮತ್ತು ಮೂರಕ್ಕೆ ಮತ್ತೊಂದು. ಆದ್ದರಿಂದ ಅಂಥ ಜೋಡಿಯೇ ತಣ್ಣಗಿದ್ದರೆ ದೋಷವನ್ನು ಕಾಯಿಲ್ ಅಥವಾ ಕಿಡಿಯ ಹೊತ್ತನ್ನು ನಿಗದಿಮಾಡುವ ಪಾಯಿಂಟಿನಲ್ಲಿ ಹುಡುಕಬೇಕು. ಅದರ ದುರಸ್ತಿ ಸುಲಭ. ಒಂದೇ ಪೈಪು ತಣ್ಣಗಿದ್ದರೆ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ ನೋಡಿ. ಆಗಲೂ ಅದೇ ಪೈಪು ತಣ್ಣಗಿದ್ದರೆ ಕಾರ್ಬೊರೇಟರಿನ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರ ಕಟ್ಟಿಕೊಂಡಿರಬಹುದು, ಇಲ್ಲವೇ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿರಬಹುದು. ಗೇಜ್ ಹಾಕಿ ಕಂಪ್ರೆಷನ್ ಅಳೆಯದೆ ಮುಂಗಡ ಕೊಡಬೇಡಿ.

ಎಣ್ಣೆಯ ಮಟ್ಟವನ್ನು ಮಾತ್ರ ಎಂಜಿನ್ ಬಿಸಿಯಾದ ಮೇಲೆಯೇ ನೋಡಬೇಕು. ಇದರ ಎಣ್ಣೆ ಬಲಬದಿಯ ಪ್ರತ್ಯೇಕ ಟ್ಯಾಂಕಿನಲ್ಲಿದ್ದು, ಬೈಕು ಬಹಳ ದಿನ ನಿಂತರೆ ನಿಧಾನವಾಗಿ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಆಗ ಕಡಿಮೆಯೆಂದು ಭಾವಿಸಿ ಮತ್ತಷ್ಟು ಸುರಿದವರು ಬಹಳ ಮಂದಿ.

ಗೇರು ಮತ್ತು ಬ್ರೇಕುಗಳನ್ನು ಒಂದು ಸುತ್ತು ಓಡಿಸಿ ನೋಡಿದರೆ ಸಾಕು. ಆಮೇಲೆ ಬೆಲೆಯ ಮಾತಿಗೆ ಕುಳಿತುಕೊಳ್ಳಿ.